ವಸಡಿನಿಂದ ರಕ್ತ: ಮಲೆನಾಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆಯಿಂದ ಹಲ್ಲಿನ ಚಿಕಿತ್ಸೆಗೆ ಬರುವವರು, ಅವರ ಜೊತೆಗೆ ಬಂದು ಹೊರಗಿನ ಬೆಂಚಿನಲ್ಲಿ ಕಾಯುವ ಮನೆಯವರು, ಆಮೇಲೆ ಪತ್ರ ಬರೆದೋ ಫೋನು ಮಾಡಿಯೋ ವಿಚಾರಿಸುವವರು ವಸಡಿನ ರಕ್ತದ ಬಗ್ಗೆ ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಅವುಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಂಡು ಇಲ್ಲಿ ಉತ್ತರಿಸಿದ್ದೇನೆ. ಜ್ವರದ ಜೊತೆಗೆ ವಸಡಿನಿಂದ ರಕ್ತ ಬರುತ್ತಿದ್ದರೆ ದಯವಿಟ್ಟು ಮೊದಲಿನಿಂದ ಓದುತ್ತ ಕೂರಬೇಡಿ. "ತಡಮಾಡಬಾರದ ಸಂದರ್ಭಗಳು" ಎಂಬ ಭಾಗಕ್ಕೆ ನೇರವಾಗಿ ಹೋಗಿ.

### ಮೊದಲು ಕೇಳುವ ಪ್ರಶ್ನೆಗಳು

ಬೆಳಿಗ್ಗೆ ಹಲ್ಲುಜ್ಜುವಾಗ ಉಗುಳು ಕೆಂಪಾಗುತ್ತದೆ, ನೋವೇನೂ ಇಲ್ಲ. ಇದೂ ಒಂದು ಕಾಯಿಲೆಯೇ?

ಹೌದು. ಬಹುಪಾಲು ಜನರಲ್ಲಿ ಅದು ವಸಡಿನ ಉರಿಯೂತದ ಮೊದಲ ಗುರುತು. ಆರೋಗ್ಯವಾಗಿರುವ ವಸಡು ಮೃದುವಾದ ಬ್ರಷ್ ತಾಗಿದ್ದಕ್ಕೆ, ಪೇರಳೆಹಣ್ಣು ಕಚ್ಚಿದ್ದಕ್ಕೆ ರಕ್ತ ಒಸರುವುದಿಲ್ಲ. ನಮ್ಮಲ್ಲಿ ಅನೇಕರ ವಸಡಿಗೆ ಹುಟ್ಟಿನಿಂದಲೇ ಕಂದು ಅಥವಾ ಕಪ್ಪು ಛಾಯೆ ಇರುತ್ತದೆ, ಅದು ರೋಗವಲ್ಲ. ಬಣ್ಣಕ್ಕಿಂತ ಅಂಚನ್ನು ಗಮನಿಸಬೇಕು: ವಸಡಿನ ಅಂಚು ಹಲ್ಲಿಗೆ ಬಿಗಿಯಾಗಿ ಅಂಟಿಕೊಂಡು ತೆಳುವಾಗಿ ಮುಗಿಯುತ್ತದೆಯೇ, ಅಥವಾ ಊದಿ ದುಂಡಗಾಗಿ ಹೊಳೆಯುತ್ತದೆಯೇ ಎಂಬುದನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ.

ಹಲ್ಲು ಮತ್ತು ವಸಡು ಕೂಡುವ ಗೆರೆಯಲ್ಲಿ ದಿನವೂ ಬ್ಯಾಕ್ಟೀರಿಯಾಗಳ ಮೆತ್ತನೆಯ ಅಂಟು ಪದರವೊಂದು ಕಟ್ಟುತ್ತದೆ. ಉಗುರಿನಿಂದ ಕೆರೆದರೆ ಬಿಳಿಯಾಗಿ ಬರುವ ಅದನ್ನು ದಂತವೈದ್ಯರು ಪ್ಲಾಕ್ ಎನ್ನುತ್ತಾರೆ. ತೆಗೆಯದೆ ಬಿಟ್ಟರೆ ದೇಹವು ಆ ಬ್ಯಾಕ್ಟೀರಿಯಾಗಳನ್ನು ಎದುರಿಸಲು ಅಲ್ಲಿಗೆ ಹೆಚ್ಚು ರಕ್ತ ಹರಿಸುತ್ತದೆ. ನವಿರಾದ ರಕ್ತನಾಳಗಳು ಹಿಗ್ಗುತ್ತವೆ, ಮೇಲಿನ ತೊಗಲು ತೆಳ್ಳಗಾಗುತ್ತದೆ, ಸ್ವಲ್ಪ ತಾಗಿದರೂ ರಕ್ತ ಬರುತ್ತದೆ. 1965ರಲ್ಲಿ ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಹರಾಲ್ಡ್ ಲೋ ಮತ್ತು ಅವರ ಸಂಗಡಿಗರು ಆರೋಗ್ಯವಂತ ವಸಡಿನ 12 ಜನರಿಂದ ಹಲ್ಲುಜ್ಜುವುದನ್ನು ಬಿಡಿಸಿ ನೋಡಿದರು. 10ರಿಂದ 21 ದಿನಗಳೊಳಗೆ ಎಲ್ಲರಿಗೂ ಉರಿಯೂತ ಬಂತು. ಮತ್ತೆ ಉಜ್ಜಲು ತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಅದು ಇಳಿಯಿತು. ಈ ಹಂತದ ತೊಂದರೆ ಪೂರ್ತಿ ವಾಸಿಯಾಗುವಂಥದ್ದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಬೇಕಿಲ್ಲ.

ನೋವಿಲ್ಲದಿರುವುದೇ ಇದರ ಅಪಾಯ. ಹಲ್ಲು ಹುಳುಕಾದರೆ ರಾತ್ರಿ ನಿದ್ದೆಗೆಡಿಸಿ ಆಸ್ಪತ್ರೆಗೆ ಓಡಿಸುತ್ತದೆ. ವಸಡಿನ ರೋಗ ಹತ್ತು ಹದಿನೈದು ವರ್ಷ ಸದ್ದಿಲ್ಲದೆ ನಡೆದು, ಹಲ್ಲು ಅಲುಗಾಡತೊಡಗಿದ ಮೇಲಷ್ಟೇ ತಿಳಿಯುವುದುಂಟು.

ರಕ್ತ ಬರುತ್ತದೆಂದು ಆ ಜಾಗಕ್ಕೆ ಬ್ರಷ್ ಮುಟ್ಟಿಸುವುದನ್ನೇ ಬಿಟ್ಟಿದ್ದೇನೆ. ಅದು ಸರಿ ತಾನೆ?

ಸರಿಯಲ್ಲ. ಗಾಯವಾದ ಕಡೆ ಮುಟ್ಟಬಾರದು ಎಂಬ ಸಹಜ ಎಚ್ಚರಿಕೆಯಿಂದ ನೀವು ಹಾಗೆ ಮಾಡಿದ್ದೀರಿ, ಆದರೆ ಇಲ್ಲಿ ಗಾಯಕ್ಕೆ ಕಾರಣವಾದ ಪದರವೇ ಅಲ್ಲಿ ಉಳಿದು ಇನ್ನಷ್ಟು ದಪ್ಪವಾಗುತ್ತದೆ. ಮೃದು ಎಳೆಗಳ ಬ್ರಷ್ಷನ್ನು ವಸಡಿನ ಅಂಚಿಗೆ ಸುಮಾರು 45 ಡಿಗ್ರಿ ಓರೆಯಾಗಿ ಇಟ್ಟು, ಎರಡೆರಡು ಹಲ್ಲುಗಳಿಗೊಮ್ಮೆ ಅಲ್ಲಲ್ಲೇ ಸಣ್ಣದಾಗಿ ಆಡಿಸಿ, ಹಲ್ಲಿನ ತುದಿಯತ್ತ ಗುಡಿಸಿಕೊಂಡು ಬನ್ನಿ. ಎರಡು ನಿಮಿಷ, ದಿನಕ್ಕೆ ಎರಡು ಸಲ. ಎರಡರಲ್ಲಿ ರಾತ್ರಿಯದು ಹೆಚ್ಚು ಮುಖ್ಯ, ಏಕೆಂದರೆ ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗಿ ಬಾಯಿ ತನ್ನನ್ನು ತಾನು ತೊಳೆದುಕೊಳ್ಳುವುದಿಲ್ಲ. ಹಲ್ಲುಗಳ ಸಂದಿಗೆ ಬ್ರಷ್ ತಲುಪದು. ಅಲ್ಲಿಗೆ ಹಲ್ಲುಸಂದಿಯ ನೂಲು ಅಥವಾ ಸಂದಿಗೆಂದೇ ಸಿಗುವ ಪುಟ್ಟ ಬ್ರಷ್ ಬೇಕು. ಮೊದಲ ನಾಲ್ಕಾರು ದಿನ ರಕ್ತ ಮುಂದುವರಿಯಬಹುದು, ಆಮೇಲೆ ಕಡಿಮೆಯಾಗುತ್ತ ಬರಬೇಕು.

ನಾವು ಚಿಕ್ಕಂದಿನಿಂದ ಉಮಿಕರಿ, ಉಪ್ಪು, ಮಾವಿನೆಲೆಯಲ್ಲಿ ತಿಕ್ಕಿದವರು. ಈ ಪೇಸ್ಟು ಬಂದ ಮೇಲೇ ಅಲ್ಲವೇ ಇದೆಲ್ಲ ಶುರುವಾದದ್ದು?

ಹಾಗೆ ತೋರುವುದಕ್ಕೆ ಕಾರಣವಿದೆ. ಹಿಂದೆ ಮನೆಯಲ್ಲಿ ಸಕ್ಕರೆಯ ತಿನಿಸು ಕಡಿಮೆಯಿತ್ತು, ಬೆಳಗಿನ ಹೊತ್ತು ಬಚ್ಚಲ ಹತ್ತಿರ ನಿಂತು ನಿಧಾನವಾಗಿ ಹಲ್ಲು ತಿಕ್ಕುವ ಪುರುಸೊತ್ತೂ ಇತ್ತು. ಆದರೆ ಐವತ್ತು ದಾಟುವಷ್ಟರಲ್ಲಿ ಬೊಚ್ಚುಬಾಯಾದ ಅಜ್ಜ, ಅಜ್ಜಿಯರು ಆಗಲೂ ಇದ್ದರು. ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಬಿಡುತ್ತಿದ್ದೆವು. ಉಮಿಕರಿ, ಇದ್ದಿಲು, ಹರಳುಪ್ಪು ಒರಟಾದ ಪುಡಿಗಳು. ಬೆರಳಿನಿಂದ ಅಡ್ಡಡ್ಡ ತಿಕ್ಕಿದರೆ ಅವು ಹಲ್ಲಿನ ಬುಡವನ್ನು ಸವೆಸುತ್ತವೆ, ವಸಡನ್ನು ತರಚುತ್ತವೆ, ಪದರ ಕೂತಿರುವ ಸಂದಿಗೆ ಮಾತ್ರ ಹೋಗುವುದಿಲ್ಲ. ಪೇಸ್ಟಿನಿಂದ ರಕ್ತ ಬರುವುದಿಲ್ಲ, ಗಡಸು ಬ್ರಷ್ಷಿನಿಂದ ಬರಬಹುದು. ನಶ್ಯ ಅಥವಾ ತಂಬಾಕು ಬೆರೆತ ಹಲ್ಲುಪುಡಿಯನ್ನು ವಸಡಿಗೆ ತಿಕ್ಕುವ ಅಭ್ಯಾಸವನ್ನಂತೂ ಇಂದೇ ಬಿಡಬೇಕು. ಹಲ್ಲುಪುಡಿ, ಪೇಸ್ಟುಗಳಲ್ಲಿ ತಂಬಾಕು ಬೆರೆಸುವುದು ನಮ್ಮ ದೇಶದಲ್ಲಿ 1992ರಿಂದಲೇ ನಿಷಿದ್ಧ.

ಉಪ್ಪುನೀರು, ಲವಂಗದ ಎಣ್ಣೆ, ಅರಿಸಿನ ಹಚ್ಚಿದರೆ ವಾಸಿಯಾಗುವುದಿಲ್ಲವೇ?

ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸುವುದು ಒಳ್ಳೆಯದೇ. ಊತ, ಕಿರಿಕಿರಿ ತಗ್ಗುತ್ತದೆ. ಆದರೆ ಹಲ್ಲಿಗೆ ಅಂಟಿದ ಪದರ ಮುಕ್ಕಳಿಸಿದರೆ ಹೋಗುವುದಿಲ್ಲ. ಅದು ಜೊಲ್ಲಿನ ಸುಣ್ಣದ ಅಂಶ ಹೀರಿಕೊಂಡು ಕಲ್ಲಿನಂತೆ ಗಟ್ಟಿಯಾಗಿಬಿಟ್ಟಿದ್ದರೆ, ಜನ ಪಾಚಿ ಅಥವಾ ಗಾರೆ ಎನ್ನುವ ಆ ಸ್ಥಿತಿಯಲ್ಲಿ, ಬ್ರಷ್ ಕೂಡ ಸಾಲದು. ಲವಂಗದ ಎಣ್ಣೆಯನ್ನು ನೇರವಾಗಿ ವಸಡಿಗೆ ಹಚ್ಚಿದರೆ ಸುಟ್ಟು ಬೊಬ್ಬೆ ಬರಬಹುದು. ಔಷಧದಂಗಡಿಯಲ್ಲಿ ಸಿಗುವ ಕ್ಲೋರ್‌ಹೆಕ್ಸಿಡಿನ್ ದ್ರವ ಪರಿಣಾಮಕಾರಿಯಾದದ್ದು, ಆದರೆ ವೈದ್ಯರು ಹೇಳಿದಷ್ಟು ದಿನ, ಸಾಮಾನ್ಯವಾಗಿ ಎರಡು ವಾರ, ಬಳಸಿ ನಿಲ್ಲಿಸಬೇಕು. ತಿಂಗಳುಗಟ್ಟಲೆ ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ, ನಾಲಿಗೆಯ ರುಚಿ ಕೆಡುತ್ತದೆ. ಕಾಫಿ ಕುಡಿಯುವವರಿಗೆ ಕಲೆ ಇನ್ನೂ ಬೇಗ.

ಎಷ್ಟು ದಿನ ನೋಡಬಹುದು? ಯಾವಾಗ ದಂತವೈದ್ಯರಲ್ಲಿಗೆ ಹೋಗಬೇಕು?

ಮೇಲೆ ಹೇಳಿದಂತೆ ಎರಡು ವಾರ ಸರಿಯಾಗಿ ಉಜ್ಜಿಯೂ ರಕ್ತ ನಿಲ್ಲದಿದ್ದರೆ ಹೋಗಬೇಕು. ಹಲ್ಲು ಅಲುಗಾಡುವುದು, ಹಲ್ಲುಗಳ ನಡುವೆ ಹೊಸದಾಗಿ ಸಂದು ಬಿಡುವುದು, ವಸಡಿನಿಂದ ಕೀವು, ಬಾಯಿಯ ದುರ್ನಾತ, ಒಂದೇ ಕಡೆ ಗಂಟಿನಂತೆ ಬೆಳೆದ ವಸಡು ಇವುಗಳಲ್ಲಿ ಯಾವುದಾದರೂ ಇದ್ದರೆ ಎರಡು ವಾರವೂ ಕಾಯಬೇಕಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿಯೂ ದಂತ ವಿಭಾಗವಿದೆ.

### ಕವಳ, ಆಹಾರ, ವಯಸ್ಸು, ಔಷಧಿ

ಕವಳ ಹಾಕಿದರೆ ವಸಡು ಗಟ್ಟಿ ಎಂದು ಹಿರಿಯರು ಹೇಳುತ್ತಿದ್ದರು. ನಮ್ಮ ತೋಟದ್ದೇ ಅಡಿಕೆ, ಕಲಬೆರಕೆ ಏನೂ ಇಲ್ಲ. ಅದರಿಂದಲೂ ತೊಂದರೆಯೇ?

ಅಡಿಕೆಯ ದುಡ್ಡಿನಲ್ಲೇ ಓದಿದವನು ನಾನು. ಈ ಉತ್ತರವನ್ನು ಬರೆಯುವುದು ನನಗೆ ಸುಲಭವಲ್ಲ, ಆದರೂ ಮುಚ್ಚಿಡುವಂತಿಲ್ಲ. ಅಡಿಕೆಯ ಚೂರು ಹಲ್ಲಿನ ಸಂದಿಗೆ ಸಿಕ್ಕಿಕೊಂಡು ವಸಡನ್ನು ಚುಚ್ಚುತ್ತದೆ, ಸುಣ್ಣ ತೆಳು ತೊಗಲನ್ನು ಸುಡುತ್ತದೆ, ಕವಳ ಹಾಕುವವರ ಹಲ್ಲಿನ ಮೇಲೆ ಗಾರೆ ಬೇಗ, ದಪ್ಪವಾಗಿ ಕಟ್ಟುತ್ತದೆ. ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆ: ಕವಳ ಹಾಕುವವರ ಉಗುಳು ಹೇಗೂ ಕೆಂಪು. ರಕ್ತ ಬರುತ್ತಿದೆ ಎಂಬ ಒಂದೇ ಒಂದು ಎಚ್ಚರಿಕೆ ಆ ಕೆಂಪಿನಲ್ಲಿ ಕರಗಿಹೋಗುತ್ತದೆ. ವಸಡಿನಿಂದ ಎಂದೂ ರಕ್ತ ಬಂದಿಲ್ಲ ಎಂದು ಖಚಿತವಾಗಿ ಹೇಳುವ ಹಿರಿಯರ ಬಾಯಿಯನ್ನು ತೊಳೆಸಿ ನೋಡಿದರೆ, ಮುಟ್ಟಿದಲ್ಲೆಲ್ಲ ರಕ್ತ ಒಸರುವುದನ್ನು ಕಂಡಿದ್ದೇನೆ.

ತೋಟದ್ದೇ ಅಡಿಕೆ ಎಂಬ ಸಮಾಧಾನಕ್ಕೂ ಮಿತಿಯಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಸೇರದ ಕವಳವನ್ನೂ ಬರಿಯ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿಗೆ ಸೇರಿಸಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು. ಖಾರ ತಿಂದರೆ ಬಾಯಿ ಉರಿಯುವುದು, ಕೆನ್ನೆಯ ಒಳಭಾಗ ಬಿಳಿಚಿಕೊಂಡು ಬಿಗಿಯಾಗುವುದು, ಮೂರು ಬೆರಳು ನೆಟ್ಟಗೆ ಹಿಡಿಸುವಷ್ಟು ಬಾಯಿ ತೆರೆಯಲಾಗದಿರುವುದು, ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ ಇವು ಕಂಡರೆ ರಕ್ತ ಬರಲಿ ಬಿಡಲಿ ಆ ವಾರವೇ ತೋರಿಸಿ. ಕೂಡಲೇ ಬಿಡಲಾರದವರು ಮೊದಲು ಹೊಗೆಸೊಪ್ಪನ್ನು ಬಿಡಲಿ, ಕವಳವನ್ನು ದವಡೆಯಲ್ಲಿ ಇಟ್ಟುಕೊಂಡು ಮಲಗುವುದನ್ನಂತೂ ಬಿಡಲೇಬೇಕು.

ನಾನು ಬೀಡಿ ಸೇದುತ್ತೇನೆ, ಒಂದು ಹನಿ ರಕ್ತವೂ ಬಂದಿಲ್ಲ. ಅಂದ ಮೇಲೆ ವಸಡು ಚೆನ್ನಾಗಿದೆ ಎಂದಲ್ಲವೇ?

ಅಲ್ಲ. ಧೂಮಪಾನವು ವಸಡಿನಲ್ಲಿ ರಕ್ತ ಒಸರುವುದನ್ನು ತಗ್ಗಿಸುತ್ತದೆ, ಒಳಗಿನ ಎಲುಬು ಕರಗುವುದನ್ನು ಹೆಚ್ಚಿಸುತ್ತದೆ. ಬೀಡಿ ಬಿಟ್ಟ ಕೆಲವು ವಾರಗಳಲ್ಲಿ ಹೊಸದಾಗಿ ರಕ್ತ ಕಂಡರೆ ಹೆದರಿ ಮತ್ತೆ ಹಚ್ಚಬೇಡಿ. ಮುಚ್ಚಿಹೋಗಿದ್ದ ರೋಗ ಕಾಣಿಸಿಕೊಂಡಿದೆ ಅಷ್ಟೇ.

ನೆಲ್ಲಿಕಾಯಿ ತಿಂದರೆ ನಿಲ್ಲುತ್ತದಂತೆ. ಇದು ಸಿ ವಿಟಮಿನ್ ಕೊರತೆಯೇ?

ಕೆಲವರಲ್ಲಿ ಇರಬಹುದು, ಎಲ್ಲರಲ್ಲೂ ಅಲ್ಲ. ಸಿ ವಿಟಮಿನ್ ಇಲ್ಲದೆ ದೇಹದಲ್ಲಿ ಗಟ್ಟಿಯಾದ ಕೊಲಾಜನ್ ನಾರು ಹೆಣೆಯಲಾಗದು. ಒಂದರಿಂದ ಮೂರು ತಿಂಗಳು ಪೂರ್ತಿ ಕೊರತೆಯಾದರೆ ಸ್ಕರ್ವಿ ಬರುತ್ತದೆ. ವಸಡು ನೇರಳೆ ಬಣ್ಣಕ್ಕೆ ತಿರುಗಿ ಸ್ಪಂಜಿನಂತೆ ಊದುತ್ತದೆ, ತೊಗಲಿನ ಮೇಲೆ ರೋಮದ ಬುಡಗಳಲ್ಲಿ ಕೆಂಪು ಚುಕ್ಕೆ ಮೂಡುತ್ತವೆ, ಗಾಯ ಮಾಯುವುದಿಲ್ಲ. 1747ರಲ್ಲಿ ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ ಹಡಗಿನ ರೋಗಿಗಳಿಗೆ ಕಿತ್ತಳೆ, ನಿಂಬೆ ಕೊಟ್ಟು ಗುಣಪಡಿಸಿದ ಕಾಯಿಲೆ ಇದೇ. ಒಬ್ಬರೇ ವಾಸವಿದ್ದು ಗಂಜಿ, ಉಪ್ಪಿನಕಾಯಿಯಲ್ಲೇ ದಿನ ಕಳೆಯುವ ವೃದ್ಧರು, ಮದ್ಯವ್ಯಸನಿಗಳು, ದೀರ್ಘಕಾಲ ಪಥ್ಯದಲ್ಲಿರುವವರು ಇದರ ಬಗ್ಗೆ ಯೋಚಿಸಬೇಕು. ಹಸಿ ನೆಲ್ಲಿಕಾಯಿ, ಪೇರಳೆ, ನಿಂಬೆ, ಗಜನಿಂಬೆ ಎಲ್ಲವೂ ಒಳ್ಳೆಯವು. ಸಾರು ಕುದಿಯುವಾಗ ಹಿಂಡಿದ ನಿಂಬೆಯ ಸಿ ವಿಟಮಿನ್ ಒಂದಷ್ಟು ಬಿಸಿಗೆ ನಾಶವಾಗುತ್ತದೆ, ಇಳಿಸಿದ ಮೇಲೆ ಹಿಂಡುವುದು ಲೇಸು. ಗಾರೆಯಿಂದ ಬರುವ ರಕ್ತ ಮಾತ್ರ ಎಷ್ಟು ನೆಲ್ಲಿಕಾಯಿ ತಿಂದರೂ ನಿಲ್ಲದು.

ಮಗಳಿಗೆ ಐದು ತಿಂಗಳು. ಬಸುರಿಯರಿಗೆ ವಸಡಿನಲ್ಲಿ ರಕ್ತ ಬರುವುದು ಸಹಜ, ಹೆರಿಗೆಯವರೆಗೆ ಹಲ್ಲಿನ ತಂಟೆಗೆ ಹೋಗಬಾರದು ಎನ್ನುತ್ತಾರಲ್ಲ?

ಮಾತಿನ ಮೊದಲರ್ಧದಲ್ಲಿ ಸ್ವಲ್ಪ ನಿಜವಿದೆ. ಬಸುರಿನಲ್ಲಿ ಏರುವ ಹಾರ್ಮೋನುಗಳಿಂದಾಗಿ ವಸಡು ಅಲ್ಪ ಪ್ರಮಾಣದ ಪ್ಲಾಕ್‌ಗೂ ಅತಿಯಾಗಿ ಸ್ಪಂದಿಸುತ್ತದೆ. ಎರಡನೆಯ ತಿಂಗಳ ಹೊತ್ತಿಗೆ ಶುರುವಾಗಿ ಎಂಟನೆಯ ತಿಂಗಳವರೆಗೆ ಹೆಚ್ಚುತ್ತ ಹೋಗಬಹುದು. ಎರಡು ಹಲ್ಲುಗಳ ನಡುವೆ ಕೆಂಪು ಗಂಟೊಂದು ಬೆಳೆದು ಮುಟ್ಟಿದರೆ ರಕ್ತ ಬರುವುದೂ ಉಂಟು. ಅದು ಕ್ಯಾನ್ಸರ್ ಅಲ್ಲ, ಹೆರಿಗೆಯ ನಂತರ ಬಹುತೇಕ ತಾನಾಗಿ ಕುಗ್ಗುತ್ತದೆ. ಹೆರಿಗೆಯವರೆಗೆ ಸುಮ್ಮನಿರಬೇಕೆಂಬುದು ತಪ್ಪು. ನಾಲ್ಕರಿಂದ ಆರನೆಯ ತಿಂಗಳು ಹಲ್ಲು ಶುಚಿ ಮಾಡಿಸಲು ಅತ್ಯಂತ ಅನುಕೂಲದ ಕಾಲ, ತುರ್ತು ಚಿಕಿತ್ಸೆಯನ್ನು ಯಾವ ತಿಂಗಳಲ್ಲೂ ಪಡೆಯಬಹುದು. ಬಸುರಿ ಎಂಬುದನ್ನು ಮೊದಲೇ ತಿಳಿಸಿದರೆ ಎಕ್ಸ್-ರೇ, ಮಾತ್ರೆಗಳ ವಿಷಯದಲ್ಲಿ ವೈದ್ಯರು ಎಚ್ಚರ ವಹಿಸುತ್ತಾರೆ.

ಮೂರು ವರ್ಷದ ಮಗುವಿನ ವಸಡು ಕೆಂಪಾಗಿ ರಕ್ತ ಬರುತ್ತಿದೆ, ಊಟ ಮಾಡುತ್ತಿಲ್ಲ. ಹಲ್ಲು ಬರುವುದಕ್ಕೆ ಹೀಗಾಗುತ್ತದೆಯೇ?

ಹಲ್ಲು ಹುಟ್ಟುವ ಜಾಗದಲ್ಲಿ ಸ್ವಲ್ಪ ಊತ ಸಹಜ, ಆದರೆ ಬಾಯಿತುಂಬ ಕೆಂಪು, ಜ್ವರ, ಸಣ್ಣ ಗುಳ್ಳೆಗಳು, ಜೊಲ್ಲು ಸುರಿಯುವುದು ಇದ್ದರೆ ಅದು ಹರ್ಪಿಸ್ ವೈರಸ್ಸಿನ ಮೊದಲ ಸೋಂಕು ಇರಬಹುದು. ಹತ್ತು ಹದಿನಾಲ್ಕು ದಿನಗಳಲ್ಲಿ ತಾನಾಗಿ ವಾಸಿಯಾಗುವ ಇದರಲ್ಲಿ ನಿಜವಾದ ಭಯ ನಿರ್ಜಲತೆಯದು: ಮಗು ನೀರು ಕುಡಿಯದೆ ಆರೆಂಟು ಗಂಟೆ ಮೂತ್ರ ಮಾಡದಿದ್ದರೆ ಮಕ್ಕಳ ವೈದ್ಯರಲ್ಲಿಗೆ ಅಂದೇ ಕರೆದೊಯ್ಯಿರಿ. ತಣ್ಣನೆಯ ಮಜ್ಜಿಗೆ, ಗಂಜಿತಿಳಿಯನ್ನು ಚಮಚದಲ್ಲಿ ಕುಡಿಸುತ್ತಿರಿ.

ಅಪ್ಪಯ್ಯನಿಗೆ ಹೃದಯಕ್ಕೆ ಸ್ಟೆಂಟ್ ಹಾಕಿ ರಕ್ತ ತೆಳುವಾಗುವ ಮಾತ್ರೆ ಕೊಟ್ಟಿದ್ದಾರೆ. ವಸಡಿನಲ್ಲಿ ರಕ್ತ ಬರುವುದರಿಂದ ಮಾತ್ರೆ ನಿಲ್ಲಿಸಬಹುದೇ?

ನಿಲ್ಲಿಸಬಾರದು. ವಸಡಿನ ರಕ್ತವನ್ನು ಒತ್ತಿ ನಿಲ್ಲಿಸಬಹುದು. ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಕುತ್ತು. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ರಕ್ತವನ್ನು ಸುಲಭವಾಗಿ ಹೊರಗೆ ತೋರಿಸುತ್ತವೆ, ಆದರೆ ಮೂಲದಲ್ಲಿ ವಸಡಿನ ಉರಿಯೂತವೇ ಇರುತ್ತದೆ. ಅದನ್ನು ಶುಚಿ ಮಾಡಿಸಿದರೆ ಮಾತ್ರೆ ಮುಂದುವರಿಸಿಯೂ ರಕ್ತ ಕಡಿಮೆಯಾಗುತ್ತದೆ. ವಾರ್ಫರಿನ್ ಬಗೆಯ ಮಾತ್ರೆ ತೆಗೆದುಕೊಳ್ಳುವವರು, ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಎಂದು ತಿಳಿಸುವ ಐಎನ್‌ಆರ್ ರಕ್ತಪರೀಕ್ಷೆ ಮಾಡಿಸಿ ಅದರ ವರದಿಯೊಂದಿಗೆ ಬರಬೇಕು. ವಸಡಿನ ಸೋಂಕಿಗೆ ಸಾಮಾನ್ಯವಾಗಿ ಕೊಡುವ ಮೆಟ್ರೋನಿಡಜೋಲ್ ಮಾತ್ರೆ ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವದ ಅಪಾಯ ಬಹಳ ಹೆಚ್ಚುತ್ತದೆ. ಅಂಗಡಿಯಲ್ಲಿ ಕೇಳಿ ನುಂಗಬೇಡಿ. ರಕ್ತದೊತ್ತಡಕ್ಕೆ ಕೊಡುವ ಅಮ್ಲೋಡಿಪಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್ ಕೆಲವರಲ್ಲಿ ವಸಡನ್ನೇ ಬೆಳೆಸಿ ಹಲ್ಲು ಮುಚ್ಚುವಂತೆ ಮಾಡುತ್ತವೆ. ಅಂಥಲ್ಲಿ ಬೇರೆ ಮಾತ್ರೆ ಬರೆಯಬೇಕಾದವರು ಆ ಮಾತ್ರೆ ಕೊಟ್ಟ ವೈದ್ಯರೇ.

ಸಕ್ಕರೆ ಕಾಯಿಲೆಗೂ ವಸಡಿಗೂ ಏನು ಸಂಬಂಧ?

ಸಂಬಂಧ ಎರಡೂ ದಿಕ್ಕಿನದು. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಸೋಂಕನ್ನು ಎದುರಿಸುವ ಶಕ್ತಿ ಕುಂದಿ ವಸಡು ಬೇಗ ಹಾಳಾಗುತ್ತದೆ. ವಸಡಿನ ದೀರ್ಘಕಾಲದ ಉರಿಯೂತವು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಮಾಡಿ ಸಕ್ಕರೆಯನ್ನು ಏರಿಸುತ್ತದೆ. ನಲವತ್ತರ ಆಚೀಚೆಯವರಲ್ಲಿ ವಸಡಿನಲ್ಲಿ ಮತ್ತೆ ಮತ್ತೆ ಕೀವುಗಂಟು ಏಳುತ್ತಿದ್ದರೆ ಒಮ್ಮೆ ಸಕ್ಕರೆ ಪರೀಕ್ಷೆ ಮಾಡಿಸುವುದು ಒಳಿತು.

### ತಡಮಾಡಬಾರದ ಸಂದರ್ಭಗಳು

ನಾಲ್ಕು ದಿನದಿಂದ ಜ್ವರ, ಮೈಕೈ ನೋವು. ಇವತ್ತು ವಸಡಿನಲ್ಲಿ ರಕ್ತ ಕಂಡಿತು. ಜ್ವರ ಇಳಿದ ಮೇಲೆ ಹಲ್ಲಿನ ಡಾಕ್ಟರಿಗೆ ತೋರಿಸಿದರೆ ಸಾಕೇ?

ಸಾಲದು, ಮತ್ತು ಇದು ಹಲ್ಲಿನ ವೈದ್ಯರ ವಿಷಯವೂ ಅಲ್ಲ. ಇಂದೇ, ಈ ಹೊತ್ತೇ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ತಾಲ್ಲೂಕು ಆಸ್ಪತ್ರೆಗೋ ಹೋಗಿ.

ಮಲೆನಾಡಿನಲ್ಲಿ ಮೊದಲು ನೆನಪಾಗಬೇಕಾದದ್ದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದಾಗ ಗುರುತಿಸಿದ ಈ ವೈರಸ್ ಉಣುಗು ಕಚ್ಚುವುದರಿಂದ ಹರಡುತ್ತದೆ. 2018ರ ಕೊನೆಯಿಂದ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಎಷ್ಟು ಮನೆಗಳನ್ನು ಕಾಡಿತೆಂಬುದು ಇಲ್ಲಿಯ ಜನರಿಗೆ ನೆನಪಿದೆ. ಚಳಿಗಾಲದಿಂದ ಮಳೆ ಹಿಡಿಯುವವರೆಗೆ, ಅಂದರೆ ಸೊಪ್ಪು, ತರಗೆಲೆ, ಸೌದೆ ತರಲು ಕಾಡಿಗೆ ಹೋಗುವ ಕಾಲದಲ್ಲೇ ಇದರ ಹಾವಳಿ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಹಠಾತ್ ಜ್ವರ, ತಲೆನೋವು ಬಂದು, ಮೂರು ನಾಲ್ಕು ದಿನ ಕಳೆದ ಮೇಲೆ ತೀವ್ರ ಮೈನೋವು, ವಾಂತಿ, ಭೇದಿಯ ಜೊತೆಗೆ ವಸಡು, ಮೂಗು, ಕರುಳಿನಲ್ಲಿ ರಕ್ತಸ್ರಾವ ಕಾಣಿಸಿಕೊಳ್ಳಬಹುದು. ಬಂದವರಲ್ಲಿ 100ಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರವಾದ ಮೇಲೆ ಮರುಕಳಿಸಿ ಮಿದುಳಿಗೆ ತಾಗುತ್ತದೆ. ಕಾಡಿಗೆ ಹೋಗಿದ್ದೆವು, ಹತ್ತಿರದಲ್ಲಿ ಮಂಗ ಸತ್ತಿತ್ತು ಎಂಬ ಸಂಗತಿಯನ್ನು ವೈದ್ಯರು ಕೇಳುವ ಮೊದಲೇ ಹೇಳಿ.

ಮಳೆಗಾಲದಲ್ಲಾದರೆ ಡೆಂಗಿ, ಗದ್ದೆಯ ಕೆಸರಿನಲ್ಲಿ ಕೆಲಸ ಮಾಡಿದವರಲ್ಲಿ ಇಲಿಜ್ವರ ಸಹ ಹೀಗೇ ರಕ್ತ ತೋರಿಸಬಲ್ಲವು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಗಂಡಾಂತರದ ಹೊತ್ತು. ಜ್ವರ ಬಿಟ್ಟಿತೆಂದು ಮನೆಯವರು ನಿಟ್ಟುಸಿರು ಬಿಡುವಾಗ ಹೊಟ್ಟೆನೋವು, ಬಿಡದ ವಾಂತಿ, ವಸಡಿನ ರಕ್ತ, ಮಂಪರು ಶುರುವಾದರೆ 108ಕ್ಕೆ ಕರೆಮಾಡಿ. ಈ ಯಾವ ಜ್ವರದಲ್ಲೂ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಯನ್ನಾಗಲಿ ಚುಚ್ಚುಮದ್ದನ್ನಾಗಲಿ ತೆಗೆದುಕೊಳ್ಳಬೇಡಿ. ಅವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಆಸ್ಪತ್ರೆ ತಲುಪುವವರೆಗೆ ಪ್ಯಾರಾಸಿಟಮಾಲ್ ಮಾತ್ರ.

ಜ್ವರವಿಲ್ಲ, ಆದರೆ ಏನೂ ತಾಗದೆ ಮೈಮೇಲೆ ನೀಲಿ ಕಲೆಗಳು ಬೀಳುತ್ತಿವೆ, ಉಜ್ಜದಿದ್ದರೂ ವಸಡಿನಿಂದ ರಕ್ತ ಬರುತ್ತದೆ. ಏನಿರಬಹುದು?

ತಾನಾಗಿ ಒಸರುವ ರಕ್ತ, ನೀಲಿ ಕಲೆ, ಕಾಲಿನ ಮೇಲೆ ಸೂಜಿಮೊನೆಯಂಥ ಕೆಂಪು ಚುಕ್ಕೆ, ಮುಟ್ಟಿನಲ್ಲಿ ಅತಿಸ್ರಾವ, ಕಾರಣವಿಲ್ಲದ ಸುಸ್ತು ಒಟ್ಟಿಗೆ ಬಂದರೆ ರಕ್ತದ ಕಾಯಿಲೆಯನ್ನು ಶಂಕಿಸಬೇಕು. ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಎಂಬ ಸಣ್ಣ ಕಣಗಳ ಎಣಿಕೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತದೆ. ಅದು ತೀರ ಕುಸಿದಿರಬಹುದು. ಅಪರೂಪಕ್ಕೆ ರಕ್ತದ ಕ್ಯಾನ್ಸರಿನ ಮೊದಲ ಗುರುತು ಊದಿಕೊಂಡ ವಸಡೇ ಆಗಿರುತ್ತದೆ. ಬಹಳ ಕಾಲದ ಮದ್ಯಪಾನದಿಂದ ಯಕೃತ್ತು ಕೆಟ್ಟವರಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಸಾಕಷ್ಟು ತಯಾರಾಗುವುದಿಲ್ಲ. ಒಂದು ಸಾಮಾನ್ಯ ರಕ್ತಕಣ ಎಣಿಕೆಯ ಪರೀಕ್ಷೆಯಿಂದ ದಿಕ್ಕು ತಿಳಿಯುತ್ತದೆ. ಒಂದೆರಡು ದಿನದೊಳಗೆ ಮಾಡಿಸಿ, ಅದಕ್ಕೆ ಮೊದಲು ಹಲ್ಲು ಕೀಳಿಸುವ ಯೋಚನೆ ಬೇಡ.

ಹಲ್ಲು ಕೀಳಿಸಿ ಬಂದೆವು. ರಾತ್ರಿ ರಕ್ತ ನಿಲ್ಲುತ್ತಿಲ್ಲ, ಊರಿನಿಂದ ಪೇಟೆಗೆ ವಾಹನವೂ ಇಲ್ಲ. ಏನು ಮಾಡುವುದು?

ಪದೇ ಪದೇ ಉಗುಳುವುದನ್ನು, ಮುಕ್ಕಳಿಸುವುದನ್ನು ನಿಲ್ಲಿಸಿ. ಕೂಡುತ್ತಿರುವ ಹೆಪ್ಪು ಅದರಿಂದಲೇ ಕಿತ್ತುಬರುತ್ತದೆ. ಶುಭ್ರವಾದ ಹತ್ತಿಬಟ್ಟೆಯನ್ನು ಮಡಚಿ ನೀರಿನಲ್ಲಿ ಅದ್ದಿ ಹಿಂಡಿ, ಹಲ್ಲಿದ್ದ ಗುಳಿಯ ಮೇಲೆ ಸರಿಯಾಗಿ ಇಟ್ಟು, ನೆಟ್ಟಗೆ ಕುಳಿತು ಅರ್ಧ ಗಂಟೆ ಬಿಗಿಯಾಗಿ ಕಚ್ಚಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ಜೊಲ್ಲಿನಲ್ಲಿ ತೆಳು ಗುಲಾಬಿ ಬಣ್ಣ ಒಂದು ದಿನ ಇರಬಹುದು. ಎರಡು ಸಲ ಹೀಗೆ ಮಾಡಿಯೂ ಬಾಯಿತುಂಬ ರಕ್ತ ಬರುತ್ತಿದ್ದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಿ.

### ಚಿಕಿತ್ಸೆ ಶುರುವಾದ ಮೇಲೆ

ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತವೆ, ಒಮ್ಮೆ ಮಾಡಿಸಿದರೆ ಮತ್ತೆ ಮತ್ತೆ ಮಾಡಿಸಬೇಕಾಗುತ್ತದೆ ಎಂದು ಹೆದರಿಸುತ್ತಾರೆ. ನಿಜವೇ?

ಗಾರೆ ಹಲ್ಲುಗಳ ನಡುವೆ ಗೋಡೆಯಂತೆ ಕಟ್ಟಿ, ಎಲುಬು ಕಳೆದುಕೊಂಡ ಹಲ್ಲನ್ನೂ ಹಿಡಿದು ನಿಲ್ಲಿಸಿರುತ್ತದೆ. ಅದನ್ನು ತೆಗೆದಾಗ ಮೊದಲೇ ಇದ್ದ ಸಡಿಲಿಕೆ ಅರಿವಿಗೆ ಬರುತ್ತದೆ, ಉಪಕರಣದಿಂದ ಹೊಸದಾಗಿ ಸಡಿಲವಾಗುವುದಿಲ್ಲ. ಕೆಲವು ದಿನ ತಣ್ಣೀರು ತಾಗಿದರೆ ಜುಮ್ಮೆನ್ನುವುದೂ ಇದೇ ಕಾರಣಕ್ಕೆ. ಮತ್ತೆ ಮಾಡಿಸಬೇಕಾಗುವುದು ನಿಜ, ಏಕೆಂದರೆ ಗಾರೆ ಮತ್ತೆ ಕಟ್ಟುತ್ತದೆ. ವರ್ಷಕ್ಕೊಮ್ಮೆ ತೋರಿಸಿಕೊಂಡರೆ ಹಲವರಿಗೆ ಸಾಕು, ವಸಡಿನ ರೋಗ ಇದ್ದವರಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ ಬೇಕು.

ಎಲುಬು ಕರಗಿದೆ, ವಸಡಿನಲ್ಲಿ ಪಾಕೆಟ್ ಆಗಿದೆ ಎಂದರು. ಅದು ಮತ್ತೆ ಬೆಳೆಯುತ್ತದೆಯೇ?

ಹಲ್ಲು ಮತ್ತು ವಸಡಿನ ನಡುವೆ ಸಹಜವಾಗಿ ಒಂದರಿಂದ ಮೂರು ಮಿಲಿಮೀಟರಿನ ಸಣ್ಣ ತಗ್ಗು ಇರುತ್ತದೆ. ಉರಿಯೂತವು ಒಳಗಿಳಿದು ಎಲುಬನ್ನು ಕರಗಿಸಿದಾಗ ಅದು ನಾಲ್ಕು, ಆರು, ಎಂಟು ಮಿಲಿಮೀಟರಿನಷ್ಟು ಆಳವಾಗುತ್ತದೆ, ಪಾಕೆಟ್ ಎನ್ನುವುದು ಇದನ್ನೇ. ಅಲ್ಲಿಗೆ ಬ್ರಷ್ ತಲುಪುವುದಿಲ್ಲ. ಈ ಹಂತದ ಹೆಸರು ಪೆರಿಯೊಡಾಂಟೈಟಿಸ್. ಬೇರಿನ ಮೇಲಿನ ಗಾರೆಯನ್ನು ಕೆರೆದು ತೆಗೆದರೆ ವಸಡು ಬಿಗಿದು ತಗ್ಗು ಕಡಿಮೆಯಾಗುತ್ತದೆ, ಆಳ ಉಳಿದ ಕಡೆ ವಸಡನ್ನು ಬಿಡಿಸಿ ಶಸ್ತ್ರಚಿಕಿತ್ಸೆ ಮಾಡಬೇಕಾಗಬಹುದು. ಹೋದ ಎಲುಬು ಪೂರ್ತಿಯಾಗಿ ಮರಳುವುದಿಲ್ಲ. ಕೆಲವು ಬಗೆಯ ಗುಳಿಗಳಲ್ಲಿ ಎಲುಬಿನ ಪುಡಿ ತುಂಬಿ ಒಂದಿಷ್ಟು ಪಡೆಯಬಹುದು. ಉಳಿದಿರುವ ಎಲುಬನ್ನು ಹಾಗೆಯೇ ದಶಕಗಳ ಕಾಲ ಕಾಪಾಡಿಕೊಳ್ಳಲು ಸಾಧ್ಯವಿದೆ. ಐವತ್ತರಲ್ಲಿ ಚಿಕಿತ್ಸೆ ಪಡೆದು ಎಪ್ಪತ್ತರಲ್ಲಿ ಸ್ವಂತ ಹಲ್ಲಿನಿಂದ ಕೋಡುಬಳೆ ಕಡಿಯುವವರನ್ನು ಕಂಡಿದ್ದೇನೆ.

ತೋರಿಸಲು ಹೋಗುವಾಗ ಏನೇನು ಒಯ್ಯಬೇಕು, ಏನೇನು ಹೇಳಬೇಕು?

ದಿನವೂ ನುಂಗುವ ಎಲ್ಲ ಮಾತ್ರೆಗಳ ಚೀಟಿ, ಇತ್ತೀಚಿನ ರಕ್ತಪರೀಕ್ಷೆಯ ವರದಿ ಒಯ್ಯಿರಿ. ರಕ್ತ ಯಾವಾಗಿನಿಂದ, ಒಂದೇ ಕಡೆಯೋ ಎಲ್ಲ ಕಡೆಯೋ, ಉಜ್ಜಿದಾಗ ಮಾತ್ರವೋ ತಾನಾಗಿಯೋ, ಹಿಂದೆ ಹಲ್ಲು ಕೀಳಿಸಿದಾಗ ಅಥವಾ ಹೆರಿಗೆಯಲ್ಲಿ ಅತಿಯಾಗಿ ರಕ್ತ ಹೋಗಿತ್ತೇ, ಮನೆಯಲ್ಲಿ ಇನ್ನು ಯಾರಿಗಾದರೂ ಹಾಗಾಗಿದೆಯೇ ಎಂಬುದನ್ನು ಹೇಳಿ. ಕವಳ, ಬೀಡಿ, ಮದ್ಯದ ಅಭ್ಯಾಸವನ್ನು ಸಂಕೋಚಪಟ್ಟು ಬಚ್ಚಿಡಬೇಡಿ. ಹೊರಡುವ ದಿನ ತಿಂಡಿ ತಿಂದು, ಮಾಮೂಲಿನಂತೆ ಹಲ್ಲುಜ್ಜಿಕೊಂಡೇ ಬನ್ನಿ. ಅಂದು ಬೆಳಿಗ್ಗೆಯಿಂದ ಕವಳ ಮಾತ್ರ ಹಾಕಬೇಡಿ, ವೈದ್ಯರಿಗೆ ನಿಮ್ಮ ವಸಡಿನ ನಿಜವಾದ ಬಣ್ಣ ಕಾಣಬೇಕು.